ಕಿತ್ತರೂ ಬರುವ ಪಟ್ಟಿ

ಕಂಪ್ಯೂಟರ್ ಮತ್ತೆ ಎದ್ದು ಕುಳಿತಾಗ ಆ ಪಟ್ಟಿಯೂ ಅದರ ಜೊತೆಗೇ ಎದ್ದು ಕುಳಿತಿತ್ತು.

ಈಗಷ್ಟೇ ಕಿತ್ತು ಹಾಕಿದ್ದು. ಬೇರು ಸಹಿತ ಕಿತ್ತೆ ಎಂದು ಭೂತಗನ್ನಡಿ ನಂಬಿದ್ದಳು. ಬ್ರೌಸರ್ ತೆರೆದರೆ ಅದರ ನೆತ್ತಿಯ ಮೇಲೆ ಅದೇ ನೀಲಿ ಟೂಲ್‌ಬಾರ್, ಅದೇ ಹುಡುಕುವ ಡಬ್ಬಿ, ಏನೂ ಆಗಿಲ್ಲವೆಂಬಂತೆ ಹಲ್ಲು ಕಿರಿಯುತ್ತಿತ್ತು.

"ಬಂತಾ?" ಕುರ್ಚಿಯ ಹಿಂದೆ ನಿಂತಿದ್ದ ಅನುವಾದಕಿ ಕೇಳಿದಳು.

"ಬಂತು."

"ಅವನ ಹಾಗೇನೇ. ಎಲ್ಲಿ ಹೋದ್ರೂ ನನಗಿಂತ ಮುಂಚೆ ಬಂದು ನಿಂತಿರ್ತಾನೆ."

ಅವನೆಂದರೆ ಅವಳ ಗಂಡ. ಮಗಳನ್ನು ಕರೆದುಕೊಂಡು ಅವನ ಮನೆಯಿಂದ ಹೊರಬಿದ್ದು ಅಣ್ಣನ ಮನೆ ಸೇರಿದ ಮೇಲೂ ಅವಳ ಒಂದೊಂದು ಹೆಜ್ಜೆ ಅವನಿಗೆ ಹೇಗೆ ಗೊತ್ತಾಗುತ್ತಿದೆ ಎಂಬುದನ್ನು ಪತ್ತೆ ಮಾಡಲು ಭೂತಗನ್ನಡಿ ಈ ಕೋಣೆಗೆ ಬಂದಿದ್ದಳು.

ಮಗಳಿಗೆ ಹೊಸ ಶಾಲೆ ಗೊತ್ತು ಮಾಡಿದರೆ ಅವನು ಗೊಂಬೆ ಹಿಡಿದು ಗೇಟಿನ ಬಳಿ ನಿಂತಿದ್ದ. ಬಾಡಿಗೆಗೆ ಒಂದು ಮನೆ ಒಪ್ಪಿಕೊಂಡರೆ, ಮಾರನೆಯ ದಿನವೇ ಮನೆಯೊಡತಿ, "ನಿಮಗೆ ತಲೆ ಸರಿ ಇಲ್ವಂತಲ್ಲ, ನಿಮ್ಮ ಯಜಮಾನ್ರು ಬಂದು ಕಣ್ಣೀರು ಹಾಕಿದ್ರು" ಎಂದು ಬಾಗಿಲು ಹಾಕಿಕೊಂಡಿದ್ದಳು. ವಕೀಲರು ಇನ್ನೂ ನ್ಯಾಯಾಲಯಕ್ಕೆ ಕೊಡದ ಅರ್ಜಿಗೆ ಅವನ ಕಡೆಯವರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು.

ಮಗಳು ಯಾರ ಬಳಿ ಇರಬೇಕು ಎಂಬ ವಿಚಾರಣೆ ಮುಂದಿನ ವಾರ. ಅಷ್ಟರೊಳಗೆ ಅವನು ಮಗುವನ್ನು ಎತ್ತಿಕೊಂಡು ಹೋದರೆ ಮತ್ತೆ ಸಿಗುವ ಮಾತಿಲ್ಲ. ಗಡಿ ದಾಟುವುದಕ್ಕೆ ಬೇಕಾದ ಕಾಗದಗಳೆಲ್ಲ ಅವನ ಕೈಯಲ್ಲಿದ್ದವು. ಅನುವಾದಕಿಗೆ ನಿದ್ದೆ ಬಿಟ್ಟು ಹೋಗಿದ್ದು ಅದಕ್ಕೇ.

ಭೂತಗನ್ನಡಿ ಎಂಬ ಹೆಸರು ಪೊಲೀಸ್ ಇಲಾಖೆಯ ಗೆಳೆಯರು ಇಟ್ಟದ್ದು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಮುಖ ಇಟ್ಟು ನೋಡುವುದು ಅವಳ ಅಭ್ಯಾಸ. ಹೀಗೇ ಗಂಡನಿಂದ ಓಡಿ ಬಂದ ಹೆಂಗಸೊಬ್ಬಳ ದೂರನ್ನು ಅವಳು ಹಿಡಿದು ಕುಳಿತಾಗ ಮೇಲಧಿಕಾರಿ, "ಸಂಸಾರದ ಜಗಳ, ಅವರವರೇ ಸರಿ ಮಾಡ್ಕೋತಾರೆ" ಎಂದು ಕಡತ ಮುಚ್ಚಿದ್ದ. ಅವರವರೇ ಸರಿ ಮಾಡಿಕೊಂಡರು. ಆ ಹೆಂಗಸು ಈಗ ಇಲ್ಲ. ಭೂತಗನ್ನಡಿ ಕೆಲಸ ಬಿಟ್ಟಳು, ಮೇಲಧಿಕಾರಿಗೆ ಬಡ್ತಿ ಸಿಕ್ಕಿತು.

"ಎಲ್ಲ ತೆಗೆದ್ರಲ್ಲ ಮೇಡಂ, ಇದೊಂದು ಯಾಕೆ ಹೋಗ್ತಿಲ್ಲ?"

"ಅದೇ ನಾನೂ ಕೇಳ್ತಿರೋದು."

ಬೆಳಿಗ್ಗೆ ಬಂದಾಗ ಬ್ರೌಸರಿನ ತಲೆಯ ಮೇಲೆ ಟೂಲ್‌ಬಾರುಗಳ ಸಂತೆಯೇ ನೆರೆದಿತ್ತು. ಹವಾಮಾನ ಹೇಳುವುದೊಂದು, ರಿಯಾಯಿತಿ ಕೂಪನ್ ತೋರಿಸುವುದೊಂದು, ಆಟ ಆಡಿಸುವುದೊಂದು, 'ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ' ಎಂದು ಹೆದರಿಸುತ್ತ ತಾನೇ ಅದನ್ನು ನಿಧಾನ ಮಾಡುವುದೊಂದು. ಅರ್ಧ ಪರದೆಯನ್ನು ಇವೇ ನುಂಗಿದ್ದವು. ಉಳಿದರ್ಧದಲ್ಲಿ ಅನುವಾದಕಿ ಔಷಧದ ಚೀಟಿ, ಯಂತ್ರಗಳ ಕೈಪಿಡಿ, ಕಾನೂನು ಪತ್ರ ಅನುವಾದಿಸುತ್ತ ಹೊಟ್ಟೆ ಹೊರೆಯುತ್ತಿದ್ದಳು.

ಅವೆಲ್ಲ ಪಾಪದವು. ಬಿಟ್ಟಿ ಸಿಕ್ಕಿತೆಂದು ಏನೋ ಒಂದನ್ನು ಇಳಿಸಿಕೊಳ್ಳುವಾಗ, ಓದದೆ 'ಮುಂದೆ', 'ಮುಂದೆ', 'ಒಪ್ಪಿದೆ' ಎಂದು ಒತ್ತುತ್ತ ಹೋದವರ ಮನೆಗೆ ಬಾಲಂಗೋಚಿಯ ಹಾಗೆ ಬಂದು ಸೇರುವಂಥವು. ಕಾಗದ ಜೋಡಿಸುವ ತಂತ್ರಾಂಶದ ಜೊತೆ ಹವಾಮಾನ ಬಂದಿತ್ತು. ಮಗಳಿಗೆ ಹಾಡು ಕೇಳಿಸುವ ತಂತ್ರಾಂಶದ ಜೊತೆ ಆಟ ಬಂದಿತ್ತು.

ಭೂತಗನ್ನಡಿ ಒಂದೊಂದನ್ನೇ ಸಾಲಿನಲ್ಲಿ ನಿಲ್ಲಿಸಿ ಕಳಿಸಿದ್ದಳು. ಮೊದಲು ಕಂಪ್ಯೂಟರಿನಲ್ಲಿ ನೆಲೆ ನಿಂತ ತಂತ್ರಾಂಶಗಳ ಸಾಲಿನಿಂದ ತೆಗೆಯುವುದು. ಆಮೇಲೆ ಬ್ರೌಸರಿನೊಳಗೆ ಹೋಗಿ, ಅಲ್ಲಿ ಅಂಟಿಕೊಂಡ ತುಂಡನ್ನು ಬೇರೆಯಾಗಿ ಕೀಳುವುದು. ಕೊನೆಗೆ, ಅವು ಬದಲಾಯಿಸಿಟ್ಟ ಮೊದಲ ಪುಟವನ್ನೂ ಹುಡುಕಾಟದ ತಾಣವನ್ನೂ ಮೊದಲಿನಂತೆ ಮಾಡಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸುವುದು. ಈ ಕೊನೆಯದನ್ನು ಜನ ಮರೆಯುತ್ತಾರೆ, ಆಮೇಲೆ ದೆವ್ವ ಹಿಡಿದಿದೆ ಎನ್ನುತ್ತಾರೆ.

ಉಳಿದವು ಹೂವೆತ್ತಿದ ಹಾಗೆ ಹೋದವು. ನೀಲಿಯದು ಮಾತ್ರ ಪ್ರತಿ ಸಲವೂ ವಾಪಸು ಬಂತು.

"ಇದು ತಾನಾಗೇ ಬರ್ತಿಲ್ಲ," ಎಂದಳು ಭೂತಗನ್ನಡಿ. "ಒಳಗಿರೋ ಇನ್ನೊಂದು ಇದಕ್ಕೆ ಬಾಗಿಲು ತೆಗೀತಿದೆ."

ಅಷ್ಟರಲ್ಲಿ ನಿಜವಾದ ಬಾಗಿಲೇ ತೆರೆಯಿತು. ಅತ್ತಿಗೆ ಮಡಚಿದ ಬಟ್ಟೆಯ ರಾಶಿ ಹೊತ್ತು ಬಂದು ಹಾಸಿಗೆಯ ಮೇಲೆ ಧೊಪ್ಪೆಂದು ಹಾಕಿದಳು.

"ಮಗೂದು ಇದರಲ್ಲೇ ಇದೆ. ಹೋಗೋವಾಗ ಹುಡುಕ್ಬೇಡ," ಎಂದವಳು ಭೂತಗನ್ನಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಮೇಲೇ ಅನುಮಾನ ಇರ್ಬೇಕಲ್ಲ ನಿಮಗೆ."

"ಯಾಕೆ ಹಾಗಂತೀರಿ?"

"ನನ್ನ ಬಾಯಿ ಕೆಟ್ಟದು. ಇವಳು ಬೇರೆ ಮನೆ ಮಾಡಲಿ ಅಂತ ಎದುರಿಗೇ ಹೇಳಿದ್ದೀನಿ, ಮುಚ್ಚುಮರೆ ಏನಿಲ್ಲ. ಅವನು ಬಂದು ನನ್ನ ಗೇಟು ಒದ್ದರೆ ನಾನು ಯಾರಿಗೆ ಹೇಳ್ಲಿ? ಹಾಗಂತ ಆ ಪೆಟ್ಟಿಗೆ ಮುಟ್ಟಿದವಳಲ್ಲ ನಾನು. ಅದನ್ನ ಹೊತ್ತಿಸೋಕೂ ಬರಲ್ಲ ನನಗೆ."

"ಮತ್ತೆ ಯಾರು ಮುಟ್ಟಿದ್ದಾರೆ?"

"ರಿಪೇರಿಯವನು ಬಂದಿದ್ದ. ಫ್ಯಾನು ಒರೆಸಿ ಹೋದ. ಇನ್ನು ಇವಳಣ್ಣ ಇದ್ದಾರೆ, ದೇವರಂಥವರು. ಮುಟ್ಟಿದ್ರೂ ಒಳ್ಳೇದಕ್ಕೇ ಮುಟ್ಟಿರ್ತಾರೆ."

ಕೊನೆಯ ಮಾತಿನಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ತಿಳಿಯಲಿಲ್ಲ. ಅತ್ತಿಗೆ ಹೋದ ರಭಸಕ್ಕೆ ಬಾಗಿಲು ಎರಡು ಸಲ ಬಡಿದುಕೊಂಡಿತು.

"ಬಾಯಷ್ಟೇ ಮೇಡಂ," ಎಂದಳು ಅನುವಾದಕಿ. ಅವಳ ದನಿಯಲ್ಲೇ ಅಷ್ಟು ನಂಬಿಕೆ ಇರಲಿಲ್ಲ.

ಭೂತಗನ್ನಡಿ ಮತ್ತೆ ಪರದೆಗೆ ಮೂಗು ಹಚ್ಚಿದಳು. ರಿಪೇರಿಯವನು ಬರುವ ಮೊದಲೇ ಶಾಲೆಯ ಗೇಟಿನ ಪ್ರಸಂಗ ನಡೆದಿತ್ತು, ಹಾಗಾಗಿ ಅವನನ್ನು ಬಿಡಬಹುದು. ಈಗ ಉಳಿದಿದ್ದ ಟೂಲ್‌ಬಾರುಗಳು ಎರಡೇ. ಒಂದು ಹಟಮಾರಿ ನೀಲಿ. ಇನ್ನೊಂದು ಅದರ ಕೆಳಗೆ ತಣ್ಣಗೆ ಕುಳಿತ, ಬಣ್ಣವಿಲ್ಲದ ಸಣ್ಣ ಪಟ್ಟಿ.

"ಇದೇನು?"

"ಅದು ಬೇಕಾದ್ದು ಮೇಡಂ. ಪದಕೋಶ. ಬೆಳಿಗ್ಗೆಯೇ ಹೇಳಿದ್ನಲ್ಲ, ಅದನ್ನ ಮುಟ್ಬೇಡಿ ಅಂತ."

"ಹೇಗೆ ಬಳಸ್ತೀರಿ? ಒಂದ್ಸಲ ತೋರಿಸಿ."

ಅನುವಾದಕಿಯ ಮುಖದ ಮೇಲೆ ಆ ದಿನ ಮೊದಲ ಸಲ ಸ್ವಲ್ಪ ಜೀವ ಬಂತು. ಒಂದು ನೀರೆತ್ತುವ ಯಂತ್ರದ ಕೈಪಿಡಿ ತೆರೆದಳು. ಇಡೀ ಪಠ್ಯವನ್ನು ಒಂದೇ ಏಟಿಗೆ ಆಯ್ದುಕೊಂಡು ಆ ಸಣ್ಣ ಪಟ್ಟಿಯ ಡಬ್ಬಿಯೊಳಗೆ ಸುರಿದಳು. ಕ್ಷಣದಲ್ಲಿ ಕಷ್ಟದ ಪದಗಳೆಲ್ಲ ಅರ್ಥ ಹೊತ್ತು ಸಾಲಾಗಿ ಬಂದು ನಿಂತವು.

"ಮೊದಲು ಎಲ್ಲಾನೂ ಇದಕ್ಕೆ ಹಾಕಿಬಿಡ್ತೀನಿ. ಕಲ್ಲು ಎಲ್ಲಿದೆ ಅಂತ ಮುಂಚೆನೇ ಗೊತ್ತಾದ್ರೆ ಅನುವಾದ ಎಡವೋದಿಲ್ಲ. ಇದಿಲ್ಲದೆ ನಾನು ಒಂದು ಸಾಲೂ ಶುರು ಮಾಡಲ್ಲ."

"ಎಲ್ಲಾನೂ ಅಂದ್ರೆ? ಗಿರಾಕಿಗಳ ಕಾಗದ ಮಾತ್ರನಾ?"

"ಅಭ್ಯಾಸ ನೋಡಿ, ಯಾವ ಕಾಗದ ಬಂದ್ರೂ ಅಷ್ಟೇ. ಇಲ್ಲಿನ ಕಚೇರಿ ಭಾಷೆ ನನ್ನ ತಾಯಿನುಡಿ ಅಲ್ವಲ್ಲ. ಒಂದು ಪದ ತಪ್ಪಾಗಿ ಅರ್ಥ ಮಾಡ್ಕೊಂಡ್ರೆ ಏನು ಗತಿ ಅಂತ, ಶಾಲೆ ಪ್ರವೇಶದ ಪತ್ರ, ಬಾಡಿಗೆ ಕರಾರು, ವಕೀಲರು ಕಳಿಸಿದ ಅರ್ಜಿ..."

ಹೇಳುತ್ತ ಹೇಳುತ್ತ ಅವಳೇ ನಿಂತಳು. ಪದ ತಪ್ಪಬಾರದೆಂದು ಜೀವ ಬಿಡುವವಳು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ಯಾರಾದರೂ ಆಗಿದ್ದರೆ ಕರಾರನ್ನು ಓದದೆಯೇ ಸಹಿ ಹಾಕಿ ಬಚಾವಾಗುತ್ತಿದ್ದರು.

ಭೂತಗನ್ನಡಿ ಕಂಪ್ಯೂಟರಿನಿಂದ ಹೊರಗೆ ಏನೇನು ಹೋಗುತ್ತದೆ ಎಂದು ತೋರಿಸುವ ಕಿಟಕಿಯೊಂದನ್ನು ಪಕ್ಕದಲ್ಲಿ ತೆರೆದಳು.

"ಇನ್ನೊಂದ್ಸಲ ಸುರೀರಿ. ನಾಲ್ಕೇ ಸಾಲು ಸಾಕು."

ಅನುವಾದಕಿ ಸುರಿದಳು. ಕಿಟಕಿಯಲ್ಲಿ ಒಂದು ಸಾಲು ಹೊಳೆಯಿತು. ಅರ್ಥ ಹುಡುಕಲು ಪದಗಳು ಹೊರಗೆ ಹೋದವು, ಅರ್ಥ ಬಂತು. ಅದು ಸಹಜ. ಆದರೆ ಎಲ್ಲ ಮುಗಿದ ಮೇಲೆ ಇನ್ನೊಂದು ಸಾಲು ಹೊಳೆಯಿತು. ಅದೇ ನಾಲ್ಕು ಸಾಲಿನ ಇನ್ನೊಂದು ಪ್ರತಿ, ಇನ್ನೊಂದು ವಿಳಾಸಕ್ಕೆ ಸದ್ದಿಲ್ಲದೆ ಹೊರಟಿತು.

ಆ ವಿಳಾಸವನ್ನು ಓದಿದ ಅನುವಾದಕಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅವನ ಕಂಪನಿ."

"ಏನು ಮಾಡ್ತಾರೆ ಅಲ್ಲಿ?"

"ಇದೇ ಮೇಡಂ. ಬಿಟ್ಟಿ ಸಾಮಾನಿನ ಬೆನ್ನಿಗೆ ಇಂಥ ಪಟ್ಟಿಗಳನ್ನ ಅಂಟಿಸಿ ಕಳಿಸೋದು. ನಾನು ತಮಾಷೆ ಮಾಡ್ತಿದ್ದೆ, ಯಾರಿಗೂ ಬೇಡದ ಸಾಮಾನು ಮಾಡೋ ಕಾರ್ಖಾನೆ ಅಂತ."

ಭೂತಗನ್ನಡಿ ಪದಕೋಶವನ್ನು ಕಿತ್ತಳು. ನೀಲಿಯದನ್ನೂ ಕಿತ್ತಳು. ಕಂಪ್ಯೂಟರ್ ಆರಿಸಿ ಹೊತ್ತಿಸಿದಳು. ಇಬ್ಬರೂ ಉಸಿರು ಬಿಗಿ ಹಿಡಿದು ನೋಡಿದರು. ಬ್ರೌಸರ್ ಬೋಳುತಲೆಯಂತೆ ಸ್ವಚ್ಛವಾಗಿ ತೆರೆದುಕೊಂಡಿತು. ಇನ್ನೊಮ್ಮೆ ಆರಿಸಿ ಹೊತ್ತಿಸಿದರೂ ಏನೂ ಬರಲಿಲ್ಲ.

"ಕಣ್ಣು ಕುಕ್ಕೋ ಹಾಗೆ ನೀಲಿಯದನ್ನ ಮುಂದೆ ನಿಲ್ಲಿಸಿದ್ದಾನೆ," ಎಂದಳು ಭೂತಗನ್ನಡಿ. "ಎಲ್ಲರೂ ಅದರ ಜೊತೆ ಗುದ್ದಾಡ್ತಾರೆ. ಕೆಲಸ ಮಾಡ್ತಿದ್ದದ್ದು ಈ ಉಪಕಾರಿ ಪದಕೋಶ. ನಿಮಗೆ ಇದನ್ನ ಯಾರು ಕೊಟ್ಟರು?"

ಅನುವಾದಕಿ ತಡವರಿಸಲಿಲ್ಲ.

"ಅಣ್ಣ. ಅಂಗಡಿಗೆ ಬರೋ ಗಿರಾಕಿ ಯಾರೋ ಕೊಟ್ಟರಂತೆ, ಪೆನ್ ಡ್ರೈವಲ್ಲಿ ತಂದು ಹಾಕಿಕೊಟ್ಟ. ನಿನ್ನ ಕಣ್ಣು ಹಾಳಾಗ್ತಿದೆ, ನಿಘಂಟು ತಿರುವೋದು ಬಿಡು ಅಂದ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆ ಗಿರಾಕಿನ ಇವನೇ ಕಳಿಸಿರ್ಬೇಕು. ಪಾಪ, ಅಣ್ಣನಿಗೆ ಮೋಸ ಮಾಡಿದ್ದಾನೆ. ದಯವಿಟ್ಟು ಅಣ್ಣನಿಗೆ ಹೇಳ್ಬೇಡಿ ಮೇಡಂ. ಗೊತ್ತಾದ್ರೆ ಕುಸಿದು ಹೋಗ್ತಾನೆ."

ಆ ಗಿರಾಕಿ ನಿಜಕ್ಕೂ ಇದ್ದಿರಬಹುದು. ಇಲ್ಲದೆಯೂ ಇರಬಹುದು. ಇವಳ ಬದುಕಿನಲ್ಲಿ ನೆಟ್ಟಗೆ ನಿಂತಿರುವ ಕಂಬ ಒಂದೇ ಒಂದು, ಅದನ್ನೂ ಅಲ್ಲಾಡಿಸಿ ನೋಡಲು ಈ ಹೊತ್ತಿನಲ್ಲಿ ಭೂತಗನ್ನಡಿಗೆ ಮನಸ್ಸು ಬರಲಿಲ್ಲ.

"ಹೊಸ ಮನೆಯೊಂದು ಗೊತ್ತಾಗಿದೆ, ವಿಚಾರಣೆ ಆದ್ಮೇಲೆ ಹೋಗ್ತೀನಿ ಅಂತ ಬೆಳಿಗ್ಗೆ ಅಂದ್ರಲ್ಲ. ಅದರ ಕಾಗದ ಇದಕ್ಕೆ ಹಾಕಿದ್ದೀರಾ?"

"ಇಲ್ಲ. ಕಾಗದನೇ ಇನ್ನೂ ಆಗಿಲ್ಲ. ಬಾಯಿಮಾತಲ್ಲೇ ಆಗಿದೆ."

"ಹುಡುಕಿದ್ದೀರಾ ಇದರಲ್ಲಿ? ರಸ್ತೆ, ನಕ್ಷೆ, ಏನಾದ್ರೂ?"

"ಇಲ್ಲ."

"ಯಾರಿಗಾದ್ರೂ ಹೇಳಿದ್ದೀರಾ?"

"ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಅವನಿಗೆ ಗೊತ್ತಿಲ್ಲದ ಜಾಗ ಅದೊಂದೇ. ವಿಚಾರಣೆ ತನಕ ಕಾಯಬೇಡಿ, ಈಗಲೇ ಹೊರಡಿ. ಶಾಲೆಯಿಂದ ಮಗುನ ಕರ್ಕೊಂಡು ನೇರ ಅಲ್ಲಿಗೇ ಹೋಗಿ. ವಿಳಾಸ ನನಗೂ ಹೇಳ್ಬೇಡಿ. ಫೋನ್ ಆರಿಸಿಬಿಡಿ, ನಾಳೆ ಬೆಳಿಗ್ಗೆ ನೀವೇ ಬೇರೆ ಯಾರ ಫೋನಿಂದಾದ್ರೂ ನನಗೆ ಮಾಡಿ."

ಅನುವಾದಕಿ ಬಟ್ಟೆಯ ರಾಶಿಯಿಂದ ಮಗಳದನ್ನು ಆರಿಸಿ ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ನಿಂತು ಭೂತಗನ್ನಡಿಯ ಕೈ ಒತ್ತಿ ಹೋದಳು. ಅವಳ ಅಂಗೈ ತಣ್ಣಗಿತ್ತು.

ಅಣ್ಣನ ಕನ್ನಡಕದ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತಿತ್ತು. ಅದು ತೆರೆಯುವ ತನಕ ಭೂತಗನ್ನಡಿ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತು, ಆ ಗಿರಾಕಿ ಇರಲಿ ಎಂದು ಮನಸ್ಸಿನಲ್ಲೇ ಹಾರೈಸಿದಳು. ಮೋಸಹೋದ ಅಣ್ಣ ಸಿಕ್ಕರೆ ಸಾಕಿತ್ತು. ಈ ವೃತ್ತಿಯಲ್ಲಿ ಹಾರೈಕೆಗಳು ಫಲಿಸುವುದು ಅಪರೂಪ, ಆದರೂ ಮನುಷ್ಯರು ಬಿಡುವುದಿಲ್ಲ.

ಒಳಗೆ ಗೋಡೆಯ ತುಂಬ ಕನ್ನಡಿ, ಕನ್ನಡಿಯ ತುಂಬ ಚೌಕಟ್ಟುಗಳು. ಅಕ್ಷರಗಳು ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಫಲಕದ ಕೆಳಗೆ ಅಣ್ಣ ನಿಂತು ಮುದುಕಿಯೊಬ್ಬಳಿಗೆ ಕನ್ನಡಕ ತೊಡಿಸುತ್ತಿದ್ದ. ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದ. ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಒರೆಸಿ, ಬಾಗಿಲ ತನಕ ಕೈ ಹಿಡಿದು ಬಿಟ್ಟು ಬಂದ. ಅತ್ತಿಗೆ ಹೇಳಿದ್ದು ಸುಳ್ಳಲ್ಲ, ನೋಡಿದರೆ ಕೈ ಮುಗಿಯಬೇಕೆನ್ನಿಸುವ ಮನುಷ್ಯ.

"ಬನ್ನಿ ಮೇಡಂ. ತಂಗಿ ಕಂಪ್ಯೂಟರ್ ಸರಿ ಆಯ್ತಾ?"

"ಆಯ್ತು. ಪದಕೋಶ ತೆಗೆದೆ."

ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಒಂದು ಗಳಿಗೆ ನಿಂತು, ಮತ್ತೆ ಗಾಜಿನ ಮೇಲೆ ಸುತ್ತತೊಡಗಿತು.

"ಅದನ್ನ ಯಾಕೆ ತೆಗೆದ್ರಿ? ಅವಳ ಕೆಲಸಕ್ಕೆ ಬೇಕಿತ್ತು."

"ಕೊಟ್ಟ ಗಿರಾಕಿ ಯಾರು?"

"ಸುಮಾರು ಜನ ಬರ್ತಾರೆ ಅಂಗಡಿಗೆ. ನೆನಪಿರಲ್ಲ."

"ಅದು ನಿಮ್ಮ ಭಾವನ ಕಂಪನಿಗೆ ಸುದ್ದಿ ಕಳಿಸ್ತಿತ್ತು. ಅದರ ಮೈಮೇಲೇ ವಿಳಾಸ ಇದೆ. ಈಗಲಾದ್ರೂ ನೆನಪಾಗುತ್ತಾ?"

ಅಣ್ಣ ಕನ್ನಡಕವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಸ್ಟೂಲು ಎಳೆದು ಅವಳ ಮುಂದಿಟ್ಟ.

"ಕೂತ್ಕೊಳ್ಳಿ ಮೇಡಂ."

ಅವಳು ಕೂರಲಿಲ್ಲ.

"ಗಿರಾಕಿ ಯಾರೂ ಇಲ್ಲ," ಎಂದ ಅವನು. "ಭಾವನೇ ಬಂದಿದ್ದ. ಈ ಸ್ಟೂಲ್ ಮೇಲೇ ಕೂತು ಅತ್ತ. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳೋದು ನಾನು ನೋಡಿರ್ಲಿಲ್ಲ. ಮಗಳು ಎಲ್ಲಿದ್ದಾಳೆ, ಉಂಡ್ಲಾ, ಮಲಗಿದ್ಲಾ ಅಂತ ಗೊತ್ತಾದ್ರೆ ಸಾಕು ಅಂದ. ತಂದೆಗೆ ಅಷ್ಟೂ ಬೇಡ್ವಾ?"

"ನಿಮ್ಮ ತಂಗಿ ಅತ್ತದ್ದು ನೋಡಿದ್ದೀರಾ?"

"ಅವಳು ಅಳಲ್ಲ. ಚಿಕ್ಕಂದಿನಿಂದಲೂ ಗಟ್ಟಿಗಿತ್ತಿ."

"ಹಾಗಾಗಿ ಕನಿಕರ ಎಲ್ಲ ಅವನ ಪಾಲಿಗೆ ಹೋಯ್ತು."

ಅಣ್ಣನಿಗೆ ಅದು ತಾಗಲಿಲ್ಲ, ಅಥವಾ ತಾಗಿದ್ದನ್ನು ತೋರಿಸಲಿಲ್ಲ.

"ಒಂದು ಸಂಸಾರ ಒಡೀಬಾರದು ಅಂತ ನನ್ನ ಆಸೆ ಮೇಡಂ. ಅದರಲ್ಲಿ ತಪ್ಪೇನಿದೆ? ಇಬ್ಬರೂ ಒಂದ್ಸಲ ಎದುರು ಬದುರು ಕೂತ್ರೆ ಎಲ್ಲ ಸರಿಹೋಗುತ್ತೆ."

"ವಕೀಲರ ಅರ್ಜಿನ ಅವಳು ಆ ಪದಕೋಶಕ್ಕೆ ಹಾಕಿದ್ದಳು. ನ್ಯಾಯಾಧೀಶರಿಗಿಂತ ಮೊದಲು ಅವನು ಓದಿದ್ದಾನೆ. ನೀವು ಓದಿದ್ದೀರಾ?"

"ನಾನ್ಯಾಕೆ ಓದಲಿ. ಅದು ಅವರವರ ವಿಷಯ."

"ಅವಳ ಎಡಗೈ ಪೂರ್ತಿ ಮಡಚೋಕಾಗಲ್ಲ. ಯಾಕೆ ಗೊತ್ತಾ?"

"ಮೆಟ್ಟಿಲಿಂದ ಬಿದ್ದಳು ಅಂದ ಭಾವ."

"ಅವಳು ಏನಂದಳು?"

ಅಣ್ಣ ಗೋಡೆಯ ಕಡೆ ನೋಡಿದ. ಎಲ್ಲ ಕನ್ನಡಿಗಳಲ್ಲೂ ಅವನದೇ ಮುಖ ಇತ್ತು, ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ.

"ನಾನು ಕೇಳಲಿಲ್ಲ."

ಕೆಟ್ಟವರನ್ನು ಹಿಡಿದು ಅಭ್ಯಾಸವಿದ್ದವಳು ಭೂತಗನ್ನಡಿ. ಕೆಟ್ಟವರಿಗೆ ಬೈದರೆ ಬಾಯಿಗೊಂದು ಸುಖವಾದರೂ ಇರುತ್ತದೆ. ಈ ಮೃದುವಾದ ಮನುಷ್ಯನಿಗೆ ಏನೆಂದು ಬೈಯುವುದು? ಮೆತ್ತೆಗೆ ಗುದ್ದಿದರೆ ಕೈ ಒಳಗೆ ಹೋಗುತ್ತದೆ, ಮೆತ್ತೆ ಮತ್ತೆ ಮೊದಲಿನಂತಾಗುತ್ತದೆ.

"ಈ ವಿಷಯ ನಿಮ್ಮ ತಂಗಿಗೆ ನೀವೇ ಹೇಳ್ತೀರಿ," ಎಂದಳು. "ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಬೇಡ ಮೇಡಂ. ಅವಳಿಗೆ ನನ್ನ ಬಿಟ್ರೆ ಇನ್ಯಾರೂ ಇಲ್ಲ."

"ಗೊತ್ತು. ಅದನ್ನ ನೀವು ಪದಕೋಶ ಹಾಕೋವಾಗ ಯೋಚನೆ ಮಾಡ್ಬೇಕಿತ್ತು."

"ಹೇಗೂ ಆ ಪದಕೋಶದ ಕತೆ ಮುಗೀತಲ್ಲ, ಬಿಡಿ." ಅಣ್ಣ ಸಮಾಧಾನ ಹೇಳುವವನಂತೆ ಕೈ ಎತ್ತಿದ. "ಇನ್ನು ಅದರ ಅಗತ್ಯನೂ ಇಲ್ಲ. ಇವತ್ತು ಎಲ್ಲ ಸರಿಹೋಗುತ್ತೆ."

"ಇವತ್ತು?"

"ಮನೆ ಬದಲಾಯಿಸ್ತಿದ್ದಾಳಲ್ಲ. ಹೊರಡ್ತಿದ್ದೀನಿ ಅಣ್ಣ, ಇನ್ನು ಫೋನ್ ಆರಿಸಿಬಿಡ್ತೀನಿ ಅಂತ ಶಾಲೆ ಹತ್ರದಿಂದ ಫೋನ್ ಮಾಡಿದ್ಲು. ನಾನು ಆಗಲೇ ಭಾವನಿಗೆ ತಿಳಿಸಿದೆ."

ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಲೇ ಇತ್ತು. ಭೂತಗನ್ನಡಿ ಕೌಂಟರಿನ ಅಂಚು ಹಿಡಿದುಕೊಂಡಳು.

"ಆ ಮನೆ ಹುಡುಕಿದ್ದು ಯಾರು?"

"ನಾನೇ ಹುಡುಕಿಕೊಟ್ಟೆ ಅಂತ ಅವಳಿಗೆ ಹೇಳಿದ್ದೀನಿ. ಭಾವನ ಪರಿಚಯದವರ ಮನೆ. ಚೆನ್ನಾಗಿದೆ, ಗಾಳಿ ಬೆಳಕು ಬರುತ್ತೆ."

ಯಾರಿಗೂ ಹೇಳಿಲ್ಲ ಎಂದಿದ್ದಳು ಅನುವಾದಕಿ. ಸುಳ್ಳು ಹೇಳಿರಲಿಲ್ಲ. ಅಣ್ಣನನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ, ತನಗೆ ತಾನೇ ಹೇಳಿಕೊಂಡದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮನೆ ಹುಡುಕಿದವರು ಯಾರು ಎಂಬ ಒಂದು ಪ್ರಶ್ನೆ ಬೆಳಿಗ್ಗೆ ಕೇಳಿದ್ದರೆ ಸಾಕಾಗಿತ್ತು. ಭೂತಗನ್ನಡಿ ಪರದೆಗೆ ಮೂಗು ಹಚ್ಚಿ, ಕಂಪ್ಯೂಟರಿಗೆ ಏನು ಗೊತ್ತು ಎಂದು ಮಾತ್ರ ಕೇಳಿದ್ದಳು.

ಅನುವಾದಕಿಯ ಸಂಖ್ಯೆ ಒತ್ತಿದಳು. ಫೋನ್ ಆಫ್ ಆಗಿತ್ತು. ಆಗಿರಲೇಬೇಕು, ಹೇಳಿದ ಮಾತು ಕೇಳುವ ಹೆಂಗಸು.

"ವಿಳಾಸ ಹೇಳಿ."

"ಅದು ಹೇಗೆ ಹೇಳೋದು ಮೇಡಂ. ಭಾವನಿಗೆ ಮಾತು ಕೊಟ್ಟಿದ್ದೀನಿ, ಮೂರನೆಯವರು ಮಧ್ಯೆ ಬರಲ್ಲ ಅಂತ."

"ಅವನು ಮಗುನ ಎತ್ಕೊಂಡು ಗಡಿ ದಾಟ್ತಾನೆ. ಮಾತಾಡೋಕೆ ಹೋಗಿಲ್ಲ ಅವನು."

"ಛೇ, ಹಾಗೆಲ್ಲ ಮಾಡೋ ಮನುಷ್ಯ ಅಲ್ಲ."

"ಬೀಗದ ಕೈ ಯಾರ ಹತ್ರ ಇದೆ?"

"ಎರಡು ಇತ್ತು. ಒಂದು ತಂಗಿಗೆ ಕೊಟ್ಟೆ."

ಇನ್ನೊಂದು ಎಲ್ಲಿ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಆದರೆ ಹೇಳದೆ ಬಿಟ್ಟದ್ದು ಅವನ ಕಿವಿಗೇ ಕೇಳಿಸಿರಬೇಕು. ಮೊದಲ ಸಲ ಅವನ ಮುಖದ ಮೆದುತನ ಒಂದು ಕಡೆಯಿಂದ ಕುಸಿಯತೊಡಗಿತು.

"ಒಂದು ನಿಮಿಷ ಇರಿ," ಎಂದ. "ಭಾವನ್ನೇ ಒಂದು ಮಾತು ಕೇಳ್ತೀನಿ. ಅವನೇ ಹೇಳಲಿ, ಏನೂ ಇಲ್ಲ ಅಂತ."

ಅವಳು ತಡೆಯುವಷ್ಟರಲ್ಲಿ ಫೋನ್ ರಿಂಗ್ ಆಗುತ್ತಿತ್ತು. ಭೂತಗನ್ನಡಿ ಕೈ ಚಾಚಿ ಸ್ಪೀಕರ್ ಒತ್ತಿ, ಬೆರಳನ್ನು ತನ್ನ ತುಟಿಯ ಮೇಲಿಟ್ಟು ಸುಮ್ಮನೆ ನಿಂತಳು.

ಆ ಕಡೆ ಯಾರೋ ಎತ್ತಿದರು. ಉಸಿರು ಕೇಳಿಸಿತು, ಸಣ್ಣ ಉಸಿರು.

"ಮಾಮಾ?"

ಅಣ್ಣನ ಮುಖ ಅರಳಿತು. ನೋಡಿದಿರಾ ಎಂಬಂತೆ ಭೂತಗನ್ನಡಿಯ ಕಡೆ ತಿರುಗಿದ. "ಪುಟ್ಟಾ, ಅಪ್ಪನ ಫೋನ್ ನಿನ್ನ ಹತ್ರ ಇದ್ಯಾ? ಅಮ್ಮನಿಗೆ ಕೊಡು ನೋಡೋಣ."

"ಅಮ್ಮ ರೂಮಲ್ಲಿದ್ದಾಳೆ. ಅಪ್ಪ ಹೊರಗಡೆಯಿಂದ ಚಿಲಕ ಹಾಕಿದ್ದಾರೆ. ನನಗೆ ಎಟುಕ್ತಾ ಇಲ್ಲ ಮಾಮಾ."

ಹಿಂದೆ ಎಲ್ಲೋ ಮರದ ಬಾಗಿಲಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಒಂದೇ ಕೈಯಲ್ಲಿ ಬಡಿಯುವ ಸದ್ದು.

ಆ ಕಡೆ ಫೋನ್ ಕೈ ಬದಲಾಯಿಸಿತು. ಈಗ ಕೇಳಿಸಿದ ದನಿ ಸಮಾಧಾನವಾಗಿತ್ತು, ಸ್ಟೂಲಿನ ಮೇಲೆ ಕುಳಿತು ಅತ್ತವನ ದನಿ ಎಂದು ಯಾರೂ ಹೇಳುವಂತಿರಲಿಲ್ಲ.

"ಹೇಳಿ. ಸ್ಪೀಕರಲ್ಲಿ ಇಟ್ಟಿದ್ದೀರಲ್ಲ, ಯಾಕೆ? ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?"

ಹುಟ್ಟಿದಾಗಿನಿಂದ ಯಾರ ಮಾತನ್ನೂ ತಳ್ಳಿಹಾಕಿ ಗೊತ್ತಿಲ್ಲದ ಆ ಮನುಷ್ಯ ಫೋನನ್ನು ನೋಡಿದ, ಭೂತಗನ್ನಡಿಯನ್ನು ನೋಡಿದ, ಮತ್ತೆ ಫೋನನ್ನೇ ನೋಡುತ್ತ ತುಟಿ ಒದ್ದೆ ಮಾಡಿಕೊಂಡ.